ಸುರಪುರದ ಕಣ್ಣು, ಮೈಸೂರಿನ ಲೆಕ್ಕ

ರೈಲು ಯಾದಗಿರಿ ಮುಟ್ಟಿದಾಗ ಬೆಳಗಾಗಿತ್ತು. ಮೈಸೂರಿನಲ್ಲಿ ಹತ್ತಿದಾಗಿನಿಂದ ಲ್ಯಾಪ್‌ಟಾಪ್ ಚೀಲವನ್ನು ನಾನು ಮೈಯಿಂದ ದೂರ ಮಾಡಿರಲಿಲ್ಲ. ಮಲಗಿದ್ದೂ ಅದನ್ನೇ ತಲೆದಿಂಬು ಮಾಡಿಕೊಂಡು. ಎದುರು ಸೀಟಿನ ಹೆಂಗಸು ಕೊನೆಗೆ ತಡೆಯಲಾರದೆ, "ಬಂಗಾರ ಅದ ಏನ್ರಿ ಅದರಾಗ?" ಎಂದು ಕೇಳಿಯೇ ಬಿಟ್ಟರು. ಇಲ್ಲ, ಕಣ್ಣುಗಳಿವೆ ಎಂದೆ. ಅವರು ಆಮೇಲೆ ನನ್ನ ಜೊತೆ ಮಾತಾಡಲಿಲ್ಲ.

ಹೇಳಿದ್ದು ಸುಳ್ಳೇನಲ್ಲ. ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು. ನನ್ನ ವಿದ್ಯಾರ್ಥಿಗಳ ಜೊತೆ ಸೇರಿ ಒಂದು ಪ್ರೋಗ್ರಾಂ ಕಟ್ಟಿದ್ದೇನೆ. ಕಣ್ಣಿನ ಪೊರೆ ತೆಗೆಯುವ ಆಪರೇಷನ್ನಿನ ವಿಡಿಯೋ ಕೊಟ್ಟರೆ ಅದರಲ್ಲಿ ಕಾಣುವುದು ಬ್ಲೇಡೋ, ಚಿಮಟವೋ, ನೀರು ಬಿಡುವ ಸೂಜಿಯೋ ಎಂದು ಗುರುತಿಸಿ ಅದರ ಸುತ್ತ ಒಂದು ಚೌಕ ಎಳೆಯುತ್ತದೆ. ಇದಕ್ಕೆ ಯಂತ್ರಕಲಿಕೆ ಎಂದು ದೊಡ್ಡ ಹೆಸರಿದೆ. ನಿಜವಾಗಿ ನಡೆದದ್ದು ಇಷ್ಟು: ಮೈಸೂರಿನ ಒಂದು ಆಸ್ಪತ್ರೆಯ ವಿಡಿಯೋಗಳನ್ನು ಚಿತ್ರಚಿತ್ರವಾಗಿ ಬಿಡಿಸಿಕೊಂಡು, ಇದು ಬ್ಲೇಡು, ಇದು ಚಿಮಟ ಎಂದು ನಾವು ಕೈಯಾರೆ ಚೌಕ ಎಳೆದು ತೋರಿಸಿದೆವು. ಸಾಕಷ್ಟು ತೋರಿಸಿದ ಮೇಲೆ ಅದು ತಾನೇ ಎಳೆಯತೊಡಗಿತು. ಮೊದಲ ಸಲ ಸರಿಯಾಗಿ ಎಳೆದ ದಿನ ನಾವೆಲ್ಲ ಹೋಗಿ ಮಸಾಲೆ ದೋಸೆ ತಿಂದಿದ್ದೆವು.

ಆ ಸಂತೋಷ ಅಲ್ಲಿಗೇ ನಿಲ್ಲಬೇಕಿತ್ತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಕಣ್ಣಾಸ್ಪತ್ರೆ ನಡೆಸುವ ಒಂದು ಟ್ರಸ್ಟಿನವರು ನಮ್ಮ ಕೆಲಸ ಕೇಳಿ ತಮ್ಮ ವಿಡಿಯೋಗಳನ್ನು ಕಳಿಸಿದರು. ಸಲಕರಣೆ ಗುರುತಿಸಿದರೆ ಸಾಲದು, ಡಾಕ್ಟರುಗಳಿಗೆ ಅಂಕವನ್ನೂ ಕೊಡಿ ಎಂದರು. ಸಲಕರಣೆ ಎಷ್ಟು ಸಲ ಕಣ್ಣೊಳಗೆ ಹೋಗಿ ಬಂತು, ಒಟ್ಟು ಎಷ್ಟು ಹೊತ್ತು ಹಿಡಿಯಿತು ಎಂಬುದು ಲೆಕ್ಕ. ಕಡಿಮೆ ಸಲ, ಕಡಿಮೆ ಹೊತ್ತು ಆದರೆ ಒಳ್ಳೆಯ ಅಂಕ. ಮೊದಲು ನಮ್ಮ ಮೈಸೂರಿನ ವಿಡಿಯೋಗಳಿಗೆ ಅಂಕ ಹಾಕಿ ನೋಡಿ, ಆಮೇಲೆ ಅವರವಕ್ಕೂ ಕೊಟ್ಟೆವು. ಯಾದಗಿರಿ ಪಾಸು, ಶಹಾಪುರ ಪಾಸು. ಸುರಪುರ ಮಾತ್ರ ಹೆಚ್ಚುಕಮ್ಮಿ ಪೂರಾ ಫೇಲು. ಸುರಪುರದಲ್ಲಿ ಆಪರೇಷನ್ ಮಾಡುವವರು ಒಬ್ಬರೇ, ಡಾ. ರೇಣುಕಾ. ಅಂದರೆ ಒಬ್ಬ ಹೆಂಗಸನ್ನು, ಮುಖವನ್ನೂ ನೋಡದೆ, ನಾನು ಮೈಸೂರಿನಲ್ಲಿ ಕೂತು ಫೇಲು ಮಾಡಿದ್ದೆ.

ಯಾದಗಿರಿಯ ಆಸ್ಪತ್ರೆಯಲ್ಲಿ ಟ್ರಸ್ಟಿನ ಹಿರಿಯ ವೈದ್ಯರು ನನಗಾಗಿ ಕಾದಿದ್ದರು. ಮಂಡಕ್ಕಿಯ ಸುಸಲಾ, ಮಿರ್ಚಿ ಬಜ್ಜಿ ತರಿಸಿದರು. ಮಿರ್ಚಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ತಿಂದೆ. ಬೇಡ ಎನ್ನುವ ಧೈರ್ಯ ಇರಲಿಲ್ಲ. ಅವರ ಮಾತು ನೇರ. "ಮುಂದಿನ ವಾರದಿಂದ ಆಕಿಗಿ ಆಪರೇಷನ್ ಬ್ಯಾಡ ಅಂತ ಮಾಡೀವ್ರಿ. ಬರೇ ಕಣ್ಣು ತಪಾಸ್ ಮಾಡ್ಲಿ, ಚಷ್ಮಾ ಬರೀಲಿ. ಆದ್ರ ನೀವು ಒಮ್ಮೆ ಹೋಗಿ ಖುದ್ದ ನೋಡ್ರಿ. ನೀವು ಹೌದಂದ್ರ ಹೌದು, ಇಲ್ಲಂದ್ರ ಇಲ್ಲ."

"ನಾನು ಡಾಕ್ಟರಲ್ಲ ಸಾರ್," ಎಂದೆ.

"ಮಷೀನ್ ನಿಮ್ದಲ್ರಿ?"

ಸುರಪುರದ ರೋಗಿಗಳ ಗತಿ ಏನು ಎಂದು ಕೇಳಿದೆ. "ಇಲ್ಲಿಗಿ ಬರಬೇಕು, ಇಲ್ಲಾಂದ್ರ ಕಲಬುರಗಿಗಿ ಹೋಗಬೇಕು. ಬರೋರು ಬರ್ತಾರ. ಬರದವ್ರು ಮನ್ಯಾಗ ಕುಂದರ್ತಾರ," ಎಂದರು. ಆಮೇಲೆ ಅಂಕಪಟ್ಟಿಯಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಸುರಪುರದ ಅಷ್ಟೂ ಆಪರೇಷನ್‌ಗಳಲ್ಲಿ ಅದೊಂದಕ್ಕೆ ಮಾತ್ರ ಪೂರ್ತಿ ಅಂಕ ಬಿದ್ದಿತ್ತು. "ನೋಡ್ರಿ, ಮಾಡಾಕ ಬರಂಗಿಲ್ಲ ಅಂತಲ್ಲ. ಇದೊಂದು ಎಷ್ಟು ಛಂದ ಮಾಡ್ಯಾಳ. ಎಲ್ಲಾ ಹಿಂಗ ಮಾಡಿದ್ರ ಏನಾಗ್ತಿತ್ತು?"

ಆ ವಿಡಿಯೋ ನನಗೂ ಗೊತ್ತಿತ್ತು. ಮೈಸೂರಿನ ಒಂದು ಸಭೆಯಲ್ಲಿ ಅದರ ಮೊದಲ ಒಂದೆರಡು ನಿಮಿಷ ತೋರಿಸಿ, ಅಚ್ಚುಕಟ್ಟು ಎಂದರೆ ಇದು ಎಂದು ಹೇಳಿದ್ದೆ. ನೀವು ಅದನ್ನು ನೋಡಿದಿರಾ ಎಂದು ಹಿರಿಯರನ್ನು ಕೇಳಿದೆ. "ಟೈಮ್ ಎಲ್ಲದ್ರಿ? ನೋಡಾಕ ಟೈಮ್ ಇಲ್ಲಂತಲ್ಲ ನಿಮ್ಮ ಮಷೀನ್ ಇಟ್ಟಿದ್ದು?" ಎಂದು ನಕ್ಕರು. ನಾನೂ ನಕ್ಕೆ.

ಶಹಾಪುರದ ಬಸ್ಸು ಹೊರಡುವ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಹೆಂಗಸರಿಗೆ ಬಸ್ಸು ಉಚಿತವಾದ್ದರಿಂದ ಕಂಡಕ್ಟರು ಆಧಾರ್ ನೋಡಿ, "ಮೈಸೂರಿಂದ ಇಲ್ಲಿಗಿ ಬಿಸಲು ತಿನ್ನಾಕ ಬಂದೀರಿ?" ಎಂದು ಸೊನ್ನೆಯ ಟಿಕೆಟ್ ಹರಿದುಕೊಟ್ಟ. ಊರು ದಾಟಿದ ಕೂಡಲೇ ಭೀಮಾ ನದಿ. ಸೇತುವೆಯ ಕೆಳಗೆ ನೀರಿಗಿಂತ ಬಂಡೆಯೇ ಹೆಚ್ಚು ಕಂಡಿತು. ಆಚೆ ಕಾಲುವೆ ನೀರು ಬಂದ ಕಡೆಯೆಲ್ಲ ಹಸಿರು ಭತ್ತ. ಬರದ ಕಡೆ ಒಣಗಿ ನಿಂತ ಹತ್ತಿಕಟ್ಟಿಗೆ. ಕಣದಲ್ಲಿ ಹರಡಿದ ಮೆಣಸಿನಕಾಯಿಯ ಘಾಟಿಗೆ ಬಸ್ಸಿನವರೆಲ್ಲ ಸೀನಿದರು.

ಶಹಾಪುರ ಹತ್ತಿರವಾದಾಗ ಪಕ್ಕದಲ್ಲಿದ್ದ ಮುದುಕಿ ನನ್ನ ಭುಜ ತಟ್ಟಿ, "ಬುದ್ಧ ಮಕ್ಕೊಂಡಾನ ನೋಡ್ರಿ," ಎಂದು ಗುಡ್ಡ ತೋರಿಸಿದಳು. ನನಗೆ ಕಂಡದ್ದು ಗುಡ್ಡ ಅಷ್ಟೇ. "ಮೂಗು ಅಲ್ಲದ. ತುಟಿ ಕಾಣವಲ್ದಾ? ಎದಿ ಇತ್ಲಾಗ," ಎಂದು ಅವಳು ಬೆರಳಲ್ಲಿ ಗಾಳಿಯಲ್ಲಿ ಬರೆದು ತೋರಿಸಿದ ಮೇಲೆ ಮಲಗಿದ ಮುಖ ಥಟ್ಟನೆ ಕಾಣಿಸಿತು. ಕಂಡ ಮೇಲೆ ಮತ್ತೆ ಬರೀ ಗುಡ್ಡವಾಗಿ ನೋಡಲು ಆಗಲಿಲ್ಲ. ಒಮ್ಮೆ ಹೇಳಿಕೊಟ್ಟರೆ ಇಲ್ಲದ್ದನ್ನೂ ಕಾಣಬಹುದಲ್ಲ ಎಂದು ನನ್ನ ಪ್ರೋಗ್ರಾಮಿನ ಯೋಚನೆ ಬಂದು, ಬುದ್ಧನನ್ನು ನೋಡಿದ ಖುಷಿಯೂ ಹೋಯಿತು.

ಶಹಾಪುರದ ಡಾಕ್ಟರು ಒಳ್ಳೆಯ ಮನುಷ್ಯರು. ಅವರ ಎರಡು ಆಪರೇಷನ್ ನೋಡಿದೆ. ಶುರುವಿನಲ್ಲೇ ಕಣ್ಣಿನ ಕರಿಗುಡ್ಡೆಯ ಮೇಲೆ ಗಟ್ಟಿ ಜೆಲ್ ಸವರಿ, ಕಣ್ಣು ಒಣಗದಂತೆ ಮಾಡಿಕೊಂಡು, ಸರಸರನೆ ಮುಗಿಸಿದರು. ನನ್ನ ಪ್ರೋಗ್ರಾಂ ಪಕ್ಕದಲ್ಲಿ ಓಡಿ ತಪ್ಪಿಲ್ಲದೆ ಚೌಕ ಎಳೆಯಿತು. ಆಮೇಲೆ ಖಾನಾವಳಿಯಲ್ಲಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಊಟ. "ಶಿರವಾಳ ಇಲ್ಲೇ ಹತ್ರ ಅದ್ರಿ. ಹಳೇ ಗುಡಿ ಭಾಳ ಅದಾವ, ನೋಡಿ ಹೋಗ್ರಿ," ಎಂದರು ಡಾಕ್ಟರು. ಬೇರೆ ದಿನವಾಗಿದ್ದರೆ ಓಡಿಹೋಗುತ್ತಿದ್ದೆ. ಪ್ರೋಗ್ರಾಂ ಇಲ್ಲಿ ಸರಿಯಾಗಿದೆ ಎಂದರೆ ಸುರಪುರದಲ್ಲೂ ಸರಿಯಾಗಿಯೇ ಇದ್ದೀತು, ಹಾಗಾದರೆ ಆ ಡಾಕ್ಟರ ಕೆಲಸ ಹೋಯಿತು ಎಂಬ ಯೋಚನೆಯೇ ತಲೆಯಲ್ಲಿತ್ತು. ಸಂಜೆ ಬಸ್ಸಿಗೇ ಸುರಪುರಕ್ಕೆ ಹೊರಟೆ.

ಒಂದು ಗಂಟೆಯೊಳಗೆ ಗುಡ್ಡದ ಮೇಲೆ ಗುಂಡುಕಲ್ಲು ಪೇರಿಸಿದ ಊರು ಬಂತು. ಡಾ. ರೇಣುಕಾ ಬಸ್ ನಿಲ್ದಾಣಕ್ಕೇ ಬಂದಿದ್ದರು. ನಲವತ್ತರ ಆಸುಪಾಸು, ಸಣ್ಣ ದೇಹ, ಕಾಟನ್ ಸೀರೆ. ನನ್ನನ್ನು ಹೇಗೆ ಎದುರುಗೊಳ್ಳುತ್ತಾರೋ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರು, "ಬರ್ರಿ ಮೇಡಂ. ಸಾಕಾಗ್ಯಾದ ಕಾಣ್ತದ ಬಸ್ಸು," ಎಂದು ಚೀಲಕ್ಕೆ ಕೈ ಹಾಕಿದರು. ನಾನು ಕೊಡಲಿಲ್ಲ. ಆ ಚೀಲ ಅವರ ಕೈಗೆ ಕೊಡಲು ಮನಸ್ಸು ಒಪ್ಪಲಿಲ್ಲ.

ನನಗೆ ಉಳಿಯಲು ಅದೇ ಊರಿನ ರಂಗಂಪೇಟೆಯಲ್ಲಿ ಒಂದು ಮನೆ ಗೊತ್ತು ಮಾಡಿದ್ದರು. ಬಳೆ ವ್ಯಾಪಾರದ ಖೈರುನ್ ಬಿಯವರ ಮನೆ. ಊರಿಗೆಲ್ಲ ಅವರು ಖೈರುನ್ ಖಾಲಾ, ಅಂದರೆ ಚಿಕ್ಕಮ್ಮ. ಅರವತ್ತು ದಾಟಿದ ಎತ್ತರದ ಹೆಂಗಸು. ಬಾಗಿಲಲ್ಲೇ ನಿಂತು, ಬಲಗಣ್ಣನ್ನು ನನ್ನ ಮುಖದ ಹತ್ತಿರ ತಂದು ನೋಡಿದರು. ಆ ಕಣ್ಣಿಗೆ ಹಾಲಿನಂಥ ಪೊರೆ ಕವಿದಿತ್ತು. ಎಡಗಣ್ಣು ಎಲ್ಲಿಗೋ ನೋಡುತ್ತಿತ್ತು. ನೋಡಿ ಪ್ರಯೋಜನವಾಗಲಿಲ್ಲವೆಂದು ಕಾಣುತ್ತದೆ, ನನ್ನ ಕೈ ಹಿಡಿದು ಬೆರಳ ಗಿಣ್ಣುಗಳನ್ನೆಲ್ಲ ಒತ್ತಿದರು. "ಕೈ ಭಾಳ ಬಿಗಿ ಹಿಡೀತೀರಿ ಟೀಚರಮ್ಮ. ನಿಮಗ ಬಳಿ ಇಡಬೇಕಾದ್ರ ಅರ್ಧಾ ಒಡೀತಾವ," ಎಂದರು. ಮನೆಯಲ್ಲಿ ಮಗ, ಸೊಸೆ ದಖನಿ ಉರ್ದುವಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಬಗಾರಾ ಅನ್ನ, ಖಟ್ಟಾ ದಾಲ್ ಬಡಿಸಿದರು. ನಾಡಿದ್ದು ಡಾ. ರೇಣುಕಾ ಕೈಯಲ್ಲಿ ಖಾಲಾರ ಬಲಗಣ್ಣಿನ ಆಪರೇಷನ್ ಎಂದು ಸೊಸೆ ಹೇಳಿದಳು.

ಮಾರನೆಯ ಬೆಳಿಗ್ಗೆ ಹಸಿರು ಅಂಗಿ, ಟೋಪಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸುರಪುರದ ಆಪರೇಷನ್ ಥಿಯೇಟರಿನ ಮೂಲೆಯಲ್ಲಿ ಕೂತೆ. ಎಸಿ ಗೊರಗುಟ್ಟುತ್ತಿತ್ತೇ ಹೊರತು ತಂಪು ಮಾಡುತ್ತಿರಲಿಲ್ಲ. ಮೈಕ್ರೋಸ್ಕೋಪಿನ ಕ್ಯಾಮೆರಾ ಮೇಲಿನಿಂದ ನೇರ ಕಣ್ಣನ್ನು ನೋಡುತ್ತದೆ. ಆ ಚಿತ್ರ ನನ್ನ ಲ್ಯಾಪ್‌ಟಾಪಿಗೆ ಬರುವಂತೆ ವೈರು ಜೋಡಿಸಿದೆ. ಸಲಕರಣೆ ಕಣ್ಣಿನ ಹೊರಗಿದ್ದರೆ ಚೌಕ ಹಸಿರು. ಒಳಗೆ ಹೋದರೆ ಕೆಂಪು, ಮೂಲೆಯಲ್ಲಿ ಲೆಕ್ಕ ಒಂದು ಏರುತ್ತದೆ. ಮೊದಲ ರೋಗಿ ಕುರಿ ಕಾಯುವ ಮುದುಕ. ಮುಖದ ಮೇಲಿನ ಬಟ್ಟೆಯ ಕೆಳಗಿನಿಂದಲೇ, "ಲಗೂನ ಮುಗಸ್ರಿ ಯವ್ವಾ, ಕುರಿ ಬಿಟ್ಟು ಬಂದೀನಿ," ಎನ್ನುತ್ತಿದ್ದ.

ಡಾ. ರೇಣುಕಾ ಮಾತಾಡದೆ ಕೆಲಸ ಮಾಡುತ್ತಿದ್ದರು. ನಾನು ಪರದೆಯನ್ನೇ ನೋಡುತ್ತಿದ್ದೆ. ಲೆಕ್ಕ ಏರುತ್ತಲೇ ಇತ್ತು. ಶಹಾಪುರದಲ್ಲಿ ಆಪರೇಷನ್ ಮುಗಿದಾಗ ಇದ್ದಷ್ಟು ಲೆಕ್ಕ ಇಲ್ಲಿ ಅರ್ಧಕ್ಕೇ ಆಗಿಹೋಯಿತು. ನಾಳೆ ಇದೇ ಕೈ ಖಾಲಾರ ಕಣ್ಣಿಗೆ. ಹೇಳಬೇಕೇ, ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು ಎಂದು ಒದ್ದಾಡುತ್ತ ಒಮ್ಮೆ ತಲೆ ಎತ್ತಿದೆ.

ಡಾಕ್ಟರ ಎರಡೂ ಕೈ ಖಾಲಿ ಇದ್ದವು. ಹಳೆಯ ಚಿಮಟ ಕೊಟ್ಟು, ಹೊಸದಕ್ಕೆ ಅಂಗೈ ಚಾಚಿ ಕಾಯುತ್ತಿದ್ದರು. ಪರದೆಯಲ್ಲಿ ಮಾತ್ರ ಚೌಕ ಕೆಂಪಾಗಿ, ಲೆಕ್ಕ ಒಂದು ಏರಿತು. ಮತ್ತೆ ಮೇಜಿನ ಕಡೆ ನೋಡಿದೆ. ಎದುರಿಗೆ ನಿಂತ ಸಿಸ್ಟರ್ ಸಿರಿಂಜು ಹಿಡಿದು, ಅದರ ಸೂಜಿಯನ್ನು ಕಣ್ಣಿನಿಂದ ಒಂದು ಬೆರಳು ಎತ್ತರದಲ್ಲಿಟ್ಟು ಹನಿ ನೀರು ಬಿಟ್ಟು ಹಿಂದಕ್ಕೆ ತೆಗೆದರು. ಕಣ್ಣು ಒಣಗಬಾರದೆಂದು. ಸ್ವಲ್ಪ ಹೊತ್ತಿಗೆ ಮತ್ತೊಂದು ಹನಿ. ಮತ್ತೆ ಕೆಂಪು.

ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಕಣ್ಣಿನ ಮೇಲಿರುವುದೂ ಕಣ್ಣಿನ ಒಳಗಿರುವುದೂ ಒಂದೇ ಥರ ಕಾಣುತ್ತದೆ. ಸೂಜಿಯ ತುದಿ ಕರಿಗುಡ್ಡೆಯ ಮೇಲೆ ಬಿದ್ದರೆ ಒಳಗೆ ಹೋಯಿತು ಎಂದು ತಿಳಿ, ಎಂದು ಪ್ರೋಗ್ರಾಮಿಗೆ ಹೇಳಿಕೊಟ್ಟವಳು ನಾನೇ. ನಾವು ಕಲಿಸಲು ಬಳಸಿದ ಮೈಸೂರಿನ ವಿಡಿಯೋಗಳಲ್ಲಿ ಜೆಲ್ ಸವರುತ್ತಿದ್ದರು. ಯಾದಗಿರಿಯಲ್ಲೂ ಜೆಲ್, ಶಹಾಪುರದಲ್ಲೂ ಜೆಲ್. ಹನಿ ನೀರು ಬಿಡುವ ಆಸ್ಪತ್ರೆ ಇದೊಂದೇ. ಕಣ್ಣು ಒಣಗದಂತೆ ಸಿಸ್ಟರ್ ಜೋಪಾನ ಮಾಡಿದಷ್ಟೂ ಡಾಕ್ಟರು ಫೇಲಾಗುತ್ತಿದ್ದರು.

ಹೊರಗೆ ಬಂದು ಡಾ. ರೇಣುಕಾರನ್ನು ಜೆಲ್ ಯಾಕೆ ಹಾಕುವುದಿಲ್ಲ ಎಂದಷ್ಟೇ ಕೇಳಿದೆ. "ನಾ ಕಲ್ತ ಕಡಿ ನೀರೇ ಬಿಡ್ತಿದ್ರು ಮೇಡಂ. ಜೆಲ್ ಹಾಕಿದ್ರ ನಂಗ ಮಂಜ್ ಮಂಜ್ ಕಾಣ್ತದ. ಯಾಕ್ರಿ, ತಪ್ಪಾ?" ಎಂದರು. ಆ 'ತಪ್ಪಾ' ಎಂಬುದರಲ್ಲಿ ಎಷ್ಟು ಹೆದರಿಕೆ ಇತ್ತೆಂದರೆ ನನಗೆ ಅಲ್ಲೇ ಎಲ್ಲ ಹೇಳಿಬಿಡಬೇಕೆನ್ನಿಸಿತು. ಆದರೆ ಒಂದೇ ಆಪರೇಷನ್ ನೋಡಿ ಹೇಳುವುದು ಹೇಗೆ? ಒಮ್ಮೆ ಆತುರಪಟ್ಟು ಅಂಕ ಕೊಟ್ಟದ್ದೇ ಸಾಕಾಗಿತ್ತು. ಸಿಸ್ಟರ್ ನಿಲ್ಲುವ ಕಡೆಯಿಂದ ಬರುವ ಸೂಜಿಯನ್ನು ಲೆಕ್ಕದಿಂದ ಬಿಡು ಎಂದು ಪ್ರೋಗ್ರಾಮಿನಲ್ಲಿ ತಿದ್ದಿ, ಸುರಪುರದ ಹಳೆಯ ವಿಡಿಯೋಗಳನ್ನೆಲ್ಲ ಮತ್ತೆ ಓಡಿಸಲು ಹಚ್ಚಿದೆ. ಮುಗಿಯಲು ಸಂಜೆಯಾಗುತ್ತಿತ್ತು.

ಮನೆಗೆ ಬಂದರೆ ಖಾಲಾ ಬುರ್ಖಾ ಹಾಕಿಕೊಂಡು ತಯಾರಾಗಿದ್ದರು. "ತಿಂಥಣಿಗಿ ಹೊಂಟೀನಿ. ಆಪರೇಷನ್ ಮುಂಚೆ ಮೌನಪ್ಪಯ್ಯಗ ಹೇಳಿ ಬರಬೇಕು. ನೀವೂ ಬರ್ರಿ, ಇಲ್ಲಿ ಕುಂತ್ರ ಉಗುರು ಕಡೀತೀರಿ." ಹೋದೆ. ಮೌನಪ್ಪಯ್ಯನ ದೇವಸ್ಥಾನ ಕೃಷ್ಣೆಯ ದಂಡೆಯ ಮೇಲೆ. ಬುರ್ಖಾದವರೂ ಕುಂಕುಮದವರೂ ಒಂದೇ ಸಾಲಿನಲ್ಲಿ ನಿಂತಿದ್ದರು. ಅದನ್ನು ವಿಚಿತ್ರವಾಗಿ ನೋಡುತ್ತಿದ್ದವಳು ನಾನೊಬ್ಬಳೇ. ಖಾಲಾ ಕಾಯಿ, ಸಕ್ಕರೆ ಕೊಟ್ಟು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತರು. ಆಮೇಲೆ ಹೊಳೆಯ ಕಡೆ ನೆರಳಿನಲ್ಲಿ ಕೂತೆವು. ನೀರು ಅವರಿಗೆ ಕಾಣುತ್ತಿರಲಿಲ್ಲ. ಗಾಳಿ ಬಂದ ಕಡೆ ಮುಖ ಮಾಡಿಕೊಂಡರು.

"ಟೀಚರಮ್ಮ, ನೀವು ಡಾಕ್ಟರಮ್ಮನ ಕೈ ನೋಡಾಕ ಬಂದೀರಂತ. ಊರಾಗ ಎಲ್ಲಾರಿಗೂ ಗೊತ್ತದ. ನಿಮ್ಮ ಮಷೀನ್ ಏನಂತದ?"

"ಇನ್ನೂ ನೋಡ್ತಾ ಇದೀನಿ ಖಾಲಾ. ನಾಳೆವರೆಗೂ ಸಮಯ ಕೊಡಿ."

"ನಾಳಿ ಕಣ್ಣ ಕೊಯ್ಯೂದದ. ಆಮ್ಯಾಲ ಕೇಳಿ ಏನ್ ಮಾಡ್ಲಿ? ಇದೊಂದೇ ಉಳದದ ನಂದು. ಎಡಕಿಂದರಾಗ ಬೆಳಕಷ್ಟೇ ಗೊತ್ತಾಗ್ತದ."

"ಹಾಗಾದ್ರೆ ಕಲಬುರಗಿಗೆ ಹೋಗಬಹುದಲ್ಲಾ? ಅಲ್ಲಿ ದೊಡ್ಡ ಆಸ್ಪತ್ರೆ ಇದೆ." ಬಾಯಿಂದ ಬಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಡಾಕ್ಟರಮ್ಮನೂ ಅದೇ ಹೇಳ್ಯಾಳ. ಹೋಗ್ರಿ ಖಾಲಾ, ಹೋಗ್ರಿ ಖಾಲಾ ಅಂತ ಕೈ ಮುಗದಾಳ. ಅಲ್ಲಿ ಯಾರ ಕೈ ಅಂತ ನಂಗೇನ್ ಗೊತ್ತು? ಈಕಿ ಕೈಗಿ ನಾನೇ ಬಳಿ ಇಟ್ಟೀನಿ. ಬಳಿ ಇಡಬೇಕಾದ್ರ ಎಷ್ಟು ಒತ್ತಿದ್ರೂ ಎಳಕೊಂಡಿಲ್ಲ. ಅಷ್ಟು ಗೊತ್ತು. ಬಾಕಿ ನಸೀಬು." ಮುಖ ನನ್ನ ಕಡೆ ತಿರುಗಿಸಿ, "ಆದ್ರೂ ಮಷೀನ್ ಏನಂತದ ಅಂತ ಕೇಳಬೇಕು ಅನಸ್ತು," ಎಂದರು. ನಾನು ಹೊಳೆ ನೋಡುತ್ತ ಕೂತೆ.

ಸಂಜೆ ಮನೆಗೆ ಬಂದಾಗ ಲೆಕ್ಕ ಮುಗಿದಿತ್ತು. ಹನಿ ನೀರನ್ನು ಬಿಟ್ಟರೆ ಡಾ. ರೇಣುಕಾ ಉಳಿದಿಬ್ಬರಂತೆಯೇ. ಕೆಲವು ಕಡೆ ತುಸು ನಿಧಾನ, ಕೆಲವು ಕಡೆ ಅವರಿಗಿಂತ ಚುರುಕು. ನಾನು ಚಪ್ಪಲಿ ಮೆಟ್ಟಿದ್ದೇ ಆಸ್ಪತ್ರೆಗೆ ಓಡಿದೆ. ಅವರು ಖಾಲಿ ಹೊರರೋಗಿ ಕೋಣೆಯಲ್ಲಿ ಒಬ್ಬರೇ ಚಹಾ ಕುಡಿಯುತ್ತ ಕೂತಿದ್ದರು. ಉಸಿರು ಬಿಡದೆ ಎಲ್ಲ ಹೇಳಿದೆ. ಕ್ಷಮಿಸಿ ಎಂದೆ. ನಗುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ.

"ಮತ್ತ ಆ ಒಂದು ಫುಲ್ ಮಾರ್ಕ್ಸ್ ಬಂದದ್ದು?" ಎಂದರು.

"ಅದೂ ಹಾಗೇ ಇದೆ. ಈಗಲೂ ಪೂರ್ತಿ ಅಂಕ."

ಅವರು ಲೋಟ ಕೆಳಗಿಟ್ಟರು. "ಅದನ್ನ ಕಡೀತನಕ ನೋಡೀರೇನ್ರಿ ಮೇಡಂ? ನೋಡಿಲ್ಲ. ಅದರಾಗ ಒಳಗಿನ ತೆಳು ಪದರ ಹರದು ಪೊರಿ ಹಿಂದಕ ಬಿತ್ತು. ನಾ ಅಲ್ಲಿಗೇ ನಿಂದ್ರಿಸಿ, ಹೊಲಗಿ ಹಾಕಿ, ಕಲಬುರಗಿಗಿ ಕಳಿಸ್ದೆ. ಪೊರಿ ತೆಗದ ಮ್ಯಾಲ ಹಾಕೂ ಲೆನ್ಸ್ ಹಾಕಲೇ ಇಲ್ಲ. ಅದಕ್ಕೇ ಅದು ಲಗೂನ ಮುಗದದ. ಮನ್ಯಾಗ ಲಗ್ನ ಇತ್ತು, ಅವರು ಕಲಬುರಗಿಗಿ ಹೋಗೂದು ತಡ ಆತು. ಕಣ್ಣು ಹೋತು." ಮೇಜಿನ ಅಂಚು ಹಿಡಿದುಕೊಂಡರು. "ಅದು ಖಾಲಾನ ಎಡಗಣ್ಣು."

ನಾನು ಸಭೆಯಲ್ಲಿ ಅಚ್ಚುಕಟ್ಟು ಎಂದು ತೋರಿಸಿದ್ದು ಅದನ್ನು. ಕಡಿಮೆ ಸಲ, ಕಡಿಮೆ ಹೊತ್ತು. ಅರ್ಧಕ್ಕೇ ನಿಂತ ಆಪರೇಷನ್ ಕಡಿಮೆ ಹೊತ್ತಿನದೇ ಆಗಿರುತ್ತದೆ. ಅಲ್ಲಿ ಕೂತಿರಲು ನನಗೆ ನಾಚಿಕೆಯಾಯಿತು, ಎದ್ದು ಹೋಗಲೂ ನಾಚಿಕೆಯಾಯಿತು. ಖಾಲಾಗೆ ಇದು ಗೊತ್ತೇ ಎಂದು ಕೇಳಿದೆ. "ಅವತ್ತೇ ಹೇಳೀನಿ. ನನ್ನ ಕೈಲೇ ಆತು ಅಂತ ಹೇಳೀನಿ. ಆಮ್ಯಾಲೂ ಇಲ್ಲೇ ಮಾಡಸ್ತೀನಿ ಅಂತ ಕುಂತಾರ. ನಂಗ ನಿದ್ದಿ ಹತ್ತವಲ್ದು."

ಅಲ್ಲಿಂದಲೇ ಯಾದಗಿರಿಯ ಹಿರಿಯರಿಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡು, "ಒಂದ್ ಮಾತಿನಾಗ ಹೇಳ್ರಿ. ಮಷೀನ್ ತಪ್ಪೋ, ಆಕಿ ತಪ್ಪೋ?" ಎಂದರು. ಮಷೀನು ತಪ್ಪು, ಡಾಕ್ಟರ ಬಗ್ಗೆ ಹೇಳಲು ನನಗೆ ಬರುವುದಿಲ್ಲ, ದಯವಿಟ್ಟು ನೀವೇ ವಿಡಿಯೋ ನೋಡಿ ಎಂದೆ. "ನಾಳಿಂದು ನಡೀಲಿ. ಮುಂದಿಂದು ನಾ ನೋಡ್ತೀನಿ, ಎಲ್ಲಾ ಕುಂತು ನೋಡ್ತೀನಿ," ಎಂದು ಇಟ್ಟರು.

ಮರುದಿನ ಬೆಳಿಗ್ಗೆ ಖಾಲಾ ತಲೆ ಬಾಚಿಸಿಕೊಳ್ಳುತ್ತಿದ್ದಾಗ ಹೋಗಿ ಪಕ್ಕದಲ್ಲಿ ಕೂತೆ. "ಖಾಲಾ, ಮಷೀನಿಗೆ ಏನೂ ಗೊತ್ತಿಲ್ಲ. ಅದು ಹೇಳಿದ್ದೆಲ್ಲ ತಪ್ಪು," ಎಂದೆ. ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಅವರ ಮುಖ ಇನ್ನಷ್ಟು ಸಣ್ಣದಾಯಿತು. "ಹಂಗಾದ್ರ ಹೇಳೋರು ಯಾರೂ ಇಲ್ಲ ಅನ್ರಿ," ಎಂದು ನನ್ನ ಮೊಣಕೈ ಹಿಡಿದುಕೊಂಡರು. "ನಂಗ ಭಾಳ ಫಿಕರ್ ಆಗ್ಯಾದ. ನೀವು ಒಳಗ ನಿಂದರ್ರಿ, ಆಯ್ತೇನು?"

ಲ್ಯಾಪ್‌ಟಾಪನ್ನು ಅವರ ಮನೆಯಲ್ಲೇ ಬಿಟ್ಟು ಹೋದೆ. ಥಿಯೇಟರಿನ ಗೋಡೆಗಿದ್ದ ಟಿವಿಯಲ್ಲಿ ಖಾಲಾರ ಕಣ್ಣು ತಟ್ಟೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಸುತ್ತ ಚೌಕಗಳಿಲ್ಲ, ಲೆಕ್ಕವಿಲ್ಲ. ಬ್ಲೇಡು ಬಂತು, ಚಿಮಟ ಬಂತು, ಸೂಜಿ ಬಂತು. ಪ್ರತಿಯೊಂದರ ಹೆಸರೂ ನನಗೆ ಗೊತ್ತು. ವರ್ಷಗಟ್ಟಲೆ ನೋಡಿದ್ದೇನೆ. ಆದರೆ ಈಗ ನಡೆಯುತ್ತಿರುವುದು ಸರಿಯಾಗಿ ನಡೆಯುತ್ತಿದೆಯೇ ಎಂದು ಯಾರಾದರೂ ಕೇಳಿದ್ದರೆ ಹೇಳಲು ನನಗೆ ಬರುತ್ತಿರಲಿಲ್ಲ. ಸಿಸ್ಟರ್ ಹನಿ ಬಿಡುತ್ತಿದ್ದರು. ಬಟ್ಟೆಯ ಕೆಳಗೆ ಖಾಲಾ ಸಣ್ಣಗೆ ಏನೋ ದುವಾ ಓದಿಕೊಳ್ಳುತ್ತಿದ್ದರು.

ನಡುವೆ ಒಂದು ಕಡೆ ಡಾ. ರೇಣುಕಾರ ಕೈ ನಿಂತುಬಿಟ್ಟಿತು. ಸೂಜಿ ಕಣ್ಣೊಳಗೇ ಇತ್ತು. ಸಿಸ್ಟರ್ ನನ್ನ ಕಡೆ ನೋಡಿದರು. ನಾನು ಸಿಸ್ಟರ ಕಡೆ ನೋಡಿದೆ. ಖಾಲಾ ಓದುವುದನ್ನು ನಿಲ್ಲಿಸಿ, "ಡಾಕ್ಟರಮ್ಮ, ಯಾಕ ಸುಮ್ಮನಾದಿ?" ಎಂದರು.

"ಇಲ್ಲೇ ಅದೀನಿ ಖಾಲಾ. ಮಾತಾಡಬ್ಯಾಡ್ರಿ, ತಲಿ ಅಲುಗಾಡ್ತದ."

ಸೂಜಿಯನ್ನು ನಿಧಾನ ಹೊರಗೆ ತೆಗೆದರು. ಒಂದು ಹನಿ ಬಿಡಿಸಿಕೊಂಡು, ಬಗ್ಗಿ ನೋಡಿ, ಮತ್ತೆ ಒಳಗೆ ಹೋದರು. ಮತ್ತೆ ಹೊರಗೆ. ಮತ್ತೆ ಒಳಗೆ. ನನ್ನ ಪ್ರೋಗ್ರಾಂ ಇದ್ದಿದ್ದರೆ ಒಂದೊಂದಕ್ಕೂ ಅಂಕ ಕಳೆಯುತ್ತಿತ್ತು. ಎಷ್ಟು ಹೊತ್ತಾಯಿತೋ, ಕೊನೆಗೆ ತಲೆ ಎತ್ತದೆಯೇ, "ಲೆನ್ಸ್ ಕೊಡ್ರಿ," ಎಂದರು. ಸಿಸ್ಟರ್ ಉಸಿರು ಬಿಟ್ಟ ಶಬ್ದ ನನಗೆ ಕೇಳಿಸಿತು. ಆ ಎರಡು ಮಾತಿನ ಅರ್ಥ ಮಾತ್ರ ನನಗೂ ಆಯಿತು.

ಆ ದಿನವೇ ಹೊರಡಬೇಕಿತ್ತು, ಹೊರಡಲು ಮನಸ್ಸು ಬರಲಿಲ್ಲ. ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಖಾಲಾ ಮೊದಲು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಇದ್ದರು. "ತೆಗೀರಿ," ಎಂದು ಡಾಕ್ಟರು ಎರಡು ಸಲ ಹೇಳಬೇಕಾಯಿತು. ತೆಗೆದರು. ಡಾಕ್ಟರ ಮುಖವನ್ನು ಹಣೆಯಿಂದ ಗಲ್ಲದವರೆಗೆ ನೋಡಿದರು. "ಸೊರಗೀದಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇವರು ಯಾರು?" ಎಂದರು. "ನಾನು, ಖಾಲಾ," ಎಂದೆ. "ಟೀಚರಮ್ಮನಾ? ದನಿ ಕೇಳಿ ಸಣ್ಣ ಹುಡುಗಿ ಅನ್ಕೊಂಡಿದ್ದೆ. ತಲಿ ಪೂರಾ ಬೆಳ್ಳಗಾಗ್ಯಾದಲ್ಲ." ಎಲ್ಲರೂ ನಕ್ಕರು. ಡಾ. ರೇಣುಕಾ ಮುಖ ತೊಳೆದುಕೊಂಡು ಬರುತ್ತೇನೆಂದು ಹೋದವರು ಬಹಳ ಹೊತ್ತು ಬರಲಿಲ್ಲ.

ನಾನು ಹೊರಡುವ ಮುಂಚೆ ಖಾಲಾ ನನ್ನ ಕೈಗೆ ಹಸಿರು ಬಳೆ ಇಟ್ಟರು. ಒಂದೂ ಒಡೆಯಲಿಲ್ಲ. ಸುರಪುರದಿಂದ ಯಾದಗಿರಿಗೆ ನೇರ ಬಸ್ಸು ಸಿಕ್ಕಿತು. ಸಂಜೆ ರೈಲು ಹತ್ತಿ ಕಿಟಕಿಯ ಪಕ್ಕ ಕೂತೆ. ಮನಸ್ಸು ಹಗುರವಾಗಿತ್ತು. ಹಗುರವಾಗಿದ್ದಾಗಲೇ ಇನ್ನೊಂದು ಹುಳ ತಲೆ ಹೊಕ್ಕಿತು. ಕಡಿಮೆ ಅಂಕದವುಗಳನ್ನು ನಾನು ಮತ್ತೆ ನೋಡಿದೆ, ಸರಿ. ಪೂರ್ತಿ ಅಂಕದವುಗಳನ್ನು ನೋಡಿದವರು ಯಾರು?

ಲ್ಯಾಪ್‌ಟಾಪ್ ತೆರೆದೆ. ಪೂರ್ತಿ ಅಂಕ ಪಡೆದ ವಿಡಿಯೋಗಳನ್ನೆಲ್ಲ ಒಂದು ಕಡೆ ಹಾಕಿ, ಹಳೆಯದರಿಂದ ಶುರು ಮಾಡಿದೆ. ನಾವು ಪ್ರೋಗ್ರಾಮಿಗೆ ಪಾಠ ಹೇಳಿದ ಮೈಸೂರಿನ ವಿಡಿಯೋ ಅದು. ಜೆಲ್ ಸವರಿದರು. ಬ್ಲೇಡು ಬಂತು, ಚಿಮಟ ಬಂತು, ಸೂಜಿ ಬಂತು. ರೈಲು ಕೃಷ್ಣೆಯ ಸೇತುವೆ ದಾಟುತ್ತಿತ್ತು, ನಾನು ಹೊರಗೆ ನೋಡಲಿಲ್ಲ. ಲೆನ್ಸ್ ಬರುವುದನ್ನೇ ಕಾಯುತ್ತಿದ್ದೆ. ಹೊಲಿಗೆ ಹಾಕಿದರು, ವಿಡಿಯೋ ಮುಗಿಯಿತು. ಲೆನ್ಸ್ ಬರಲಿಲ್ಲ. ನಮ್ಮ ಊರಿನ ಆ ಕಣ್ಣು ಯಾರದ್ದೆಂದು ನನಗೆ ಗೊತ್ತಿಲ್ಲ.